ಎಂಜಿನ್‌ಗೆ ಮದ್ದುಂಟು, ಚಾಸಿಗಿಲ್ಲ

ಮೇ ತಿಂಗಳ ಕೊನೆಯ ವಾರ. ಕಾಪು ಪೇಟೆಯಿಂದ ಕಡಲಿನ ಕಡೆಗೆ ಹೋಗುವ ದಾರಿಯಲ್ಲಿ ಬೆಳಿಗ್ಗೆ ಎಂಟಕ್ಕೇ ಅಂಗಿ ಬೆನ್ನಿಗೆ ಅಂಟುತ್ತದೆ. ತೆಂಗಿನ ತೋಟಗಳ ಮೇಲಿಂದ ದೀಪಸ್ತಂಭದ ತಲೆ ಕಾಣುತ್ತದೆ, 1901ರಿಂದ ಅದೇ ಬಂಡೆಯ ಮೇಲೆ ಅದೇ ಗಾಳಿಗೆ ಮೈಯೊಡ್ಡಿ ನಿಂತದ್ದು. ಆ ಗಾಳಿ ದಾರಿ ಬದಿಯ ಈ ಗ್ಯಾರೇಜಿನೊಳಕ್ಕೂ ನುಗ್ಗುತ್ತದೆ. ಮುರಕಲ್ಲಿನ ಅರ್ಧ ಗೋಡೆ, ಶೀಟಿನ ಮಾಡು, ವರ್ಷಗಟ್ಟಲೆ ಸುರಿದು ಇಂಗಿ ನೆಲವೇ ಆಗಿಬಿಟ್ಟ ಕರಿ ಆಯಿಲು, ಮೊಳೆಗಳಲ್ಲಿ ತೂಗುವ ಕ್ಲಚ್ ಕೇಬಲ್ಲು, ಸವೆದ ಚೈನು, ಒಡೆದ ಇಂಡಿಕೇಟರು. ಪೆಟ್ರೋಲ್ ವಾಸನೆಯ ನಡುವೆ ಇನ್ನೊಂದು ವಾಸನೆಯೂ ಮೂಗಿಗೆ ಬಡಿಯುತ್ತದೆ, ಬೂತಾಯಿಯದು. ಅದು ಬರುತ್ತಿರುವುದು ಅಂಗಳದಲ್ಲಿ ನಡು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಹಳೆಯ ಹೀರೋ ಹೋಂಡಾ ಸ್ಪ್ಲೆಂಡರ್‌ನಿಂದ.

ಬನ್ನಿ, ಹತ್ತಿರ ಹೋಗಿ ನೋಡೋಣ. ಕರಿ ಟ್ಯಾಂಕಿನ ಎರಡೂ ಬದಿಯಲ್ಲಿ, ಮೊಣಕಾಲು ತಾಗಿ ತಾಗಿ, ಬಣ್ಣ ಹೋಗಿ ಬಿಳಿ ತಗಡು ಮಿನುಗುತ್ತಿದೆ. ಹ್ಯಾಂಡಲ್ಲಿನ ರಬ್ಬರು ನುಣುಪಾಗಿದೆ. ಹಿಂದಿನ ಸೀಟಿನ ಜಾಗದಲ್ಲಿ ಆ್ಯಂಗಲ್ ಕಬ್ಬಿಣದ ಕಟ್ಟು, ಅದರ ಮೇಲೆ ಹಗ್ಗ ಬಿಗಿದ ಮೀನಿನ ಪೆಟ್ಟಿಗೆ. ಗಾಡಿಯ ಯಜಮಾನ ನಸುಕಿನಲ್ಲಿ ಮಲ್ಪೆ ಬಂದರಿಗೆ ಹೋಗಿ, ಬಂಗುಡೆಯೋ ಬೂತಾಯಿಯೋ ಸಿಕ್ಕಿದ್ದನ್ನು ಐಸಿನೊಂದಿಗೆ ತುಂಬಿಸಿಕೊಂಡು, ಕಟಪಾಡಿ, ಬಂಟಕಲ್ಲು, ಶಿರ್ವದ ಒಳದಾರಿಗಳಲ್ಲಿ ಹಾರ್ನ್ ಬಾರಿಸುತ್ತಾ ಹೋಗುವವರು. ಆ ಹಾರ್ನ್ ಕೇಳಿದರೆ ಮನೆಯ ಹೆಂಗಸರಿಗಿಂತ ಮೊದಲು ಬೆಕ್ಕು ಗೇಟಿಗೆ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಕಡಿಮೆ, ಓಡಾಟ ಕಡಿಮೆ. ಗಾಡಿ ಬಿಚ್ಚಲು ಅವರಿಗೆ ಪುರಸೊತ್ತು ಸಿಗುವುದು ಆಗಲೇ. ಅದಕ್ಕೆ ಮೊದಲು ಒಂದು ಮಾತು ಕೇಳಿ ಹೋಗೋಣವೆಂದು ಬಂದಿದ್ದಾರೆ: ಇದನ್ನು ಮಾಡಿಸುವುದಾ, ಬಿಡುವುದಾ?

ಮೆಕ್ಯಾನಿಕ್ ಉತ್ತರ ಕೊಡುವ ಗಡಿಬಿಡಿಯಲ್ಲಿಲ್ಲ. ಕಿಕ್ಕರ್ ಒದೆಯುತ್ತಾನೆ. ಮೂರನೆಯ ಒದೆತಕ್ಕೆ ಎಂಜಿನ್ ಎದ್ದು, ಸೈಲೆನ್ಸರಿನಿಂದ ನೀಲಿ ಹೊಗೆ ಬಂದು ತೆಂಗಿನ ಬುಡದಲ್ಲಿ ಸುತ್ತುತ್ತದೆ. ತಲೆ ಓರೆ ಮಾಡಿ ಕೇಳುತ್ತಾನೆ, ಆಕ್ಸಿಲರೇಟರ್ ಏರಿಸಿ ಬಿಡುತ್ತಾನೆ, ಮತ್ತೆ ಕೇಳುತ್ತಾನೆ. ಒಳಗೆ ಟೈಮಿಂಗ್ ಚೈನ್ ಸಡಿಲಾಗಿ ಕಟಕಟ ಎನ್ನುತ್ತಿದೆ. ‘ಆಯಿಲ್ ಕುಡಿಯುತ್ತಾ ಉಂಟು’ ಎನ್ನುತ್ತಾನೆ. 97.2 ಸಿಸಿಯ ಈ ಎಂಜಿನ್ನಿನ ಬೋರು ಹೊಸತರಲ್ಲಿ 50 ಮಿಲಿಮೀಟರ್. ಪಿಸ್ಟನ್ ಓಡಾಡಿ ಗೋಡೆ ಸವೆದಾಗ ಲೇತಿನವರು ಅದನ್ನು ಕಾಲು ಮಿಲಿಮೀಟರ್ ಅಗಲಿಸಿ, ಅಷ್ಟೇ ದಪ್ಪಗಿನ ಪಿಸ್ಟನ್ ಕೂರಿಸುತ್ತಾರೆ. ಮುಂದಿನ ಸಲ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಒಂದು. ಅಂದರೆ ಒಂದೇ ಸಿಲಿಂಡರಿಗೆ ನಾಲ್ಕು ಮರುಜನ್ಮ. ಸ್ಪ್ಲೆಂಡರ್ 1994ರಲ್ಲಿ ಬಂದ ಗಾಡಿ. ಹೀರೋ, ಹೋಂಡಾ ಬೇರೆಯಾದ ಮೇಲೂ ಆ ಹೆಸರಿನ ಬೈಕು ನಿಂತಿಲ್ಲವಾದ್ದರಿಂದ ಉಡುಪಿಯ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೂ ಸಾಮಾನಿಗೆ ಬರವಿಲ್ಲ. ಯಜಮಾನರ ಮುಖ ಅರಳುತ್ತದೆ.

ಅಷ್ಟರಲ್ಲಿ ಮೆಕ್ಯಾನಿಕ್ ಎಂಜಿನ್ ನಿಲ್ಲಿಸಿ, ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಹದಿನಾಲ್ಕರ ಸ್ಪ್ಯಾನರಿನಿಂದ ಚಾಸಿಯನ್ನು ತಟ್ಟಲು ತೊಡಗುತ್ತಾನೆ. ಮುಂದಿನಿಂದ ಶುರು. ಟ್ಯಾಂಕಿನ ಕೆಳಗಿನ ಕೊಳವೆ ಟಿಣ್ ಎಂದಿತು. ಎಂಜಿನ್ನಿನ ಮುಂದಿನದೂ ಟಿಣ್. ಸೀಟಿನ ಕೆಳಗೆ, ಪೆಟ್ಟಿಗೆಯ ನೇರಕ್ಕೆ ಬಂದಾಗ ಸದ್ದು ಬದಲಾಯಿತು. ಟಪ್, ಟಪ್. ಸ್ಕ್ರೂಡ್ರೈವರ್ ತೆಗೆದು ಶಾಕ್ ಕೂರುವ ಜಾಗದ ಪಕ್ಕ ಮೆಲ್ಲನೆ ಒತ್ತಿದ. ಮೇಲೆ ಹೊಡೆದಿದ್ದ ಕರಿ ಪೇಂಟು ಸಿಪ್ಪೆಯಾಗಿ ಎದ್ದು ಬಂತು. ಅದರ ಹಿಂದೆಯೇ ಕೆಂಪು ಪುಡಿ ಸುರಿಯಿತು, ಸ್ಕ್ರೂಡ್ರೈವರಿನ ತುದಿ ಕೊಳವೆಯ ಒಳಗೆ ಹೋಯಿತು. ಯಜಮಾನರು ಬಗ್ಗಿ ನೋಡಿದರು. ಏನೂ ಹೇಳಲಿಲ್ಲ.

ಐಸ್ ಕರಗಿದ ನೀರು, ಅದರಲ್ಲಿ ಮೀನಿನ ಉಪ್ಪು, ದಿನಾ ಅದೇ ಜಾಗಕ್ಕೆ ತೊಟ್ಟಿಕ್ಕುತ್ತದೆ. ಟೊಳ್ಳು ಕೊಳವೆಯೊಳಕ್ಕೆ ಇಳಿದದ್ದು ಹೊರಗೆ ಬರುವ ದಾರಿ ಕಾಣದೆ ಅಲ್ಲೇ ಕೂತು ಕಬ್ಬಿಣವನ್ನು ಒಳಗಿಂದ ತಿನ್ನುತ್ತದೆ. ಹೊರಗಿಂದ ಎಷ್ಟು ಪೇಂಟ್ ಹೊಡೆದರೂ ಒಳಗಿನ ತುಕ್ಕಿಗೆ ಅದು ತಟ್ಟುವುದಿಲ್ಲ. ಉಪ್ಪುಗಾಳಿ ಮತ್ತು ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ದಾಟುವ ಮಳೆ, ಇವೆರಡು ಕಡಲ ಬದಿಯ ಎಲ್ಲಾ ಗಾಡಿಗಳಿಗೂ ಇದ್ದದ್ದೇ. ಮೀನಿನ ಗಾಡಿಗೆ ಮೂರನೆಯದೂ ಸೇರುತ್ತದೆ.

‘ಎಂಜಿನ್‌ಗೆ ಎಷ್ಟು ಬೇಕಾದರೂ ಮದ್ದುಂಟು ಅಣ್ಣಾ. ಚಾಸಿಗಿಲ್ಲ’ ಎಂದ ಮೆಕ್ಯಾನಿಕ್.

‘ವೆಲ್ಡಿಂಗ್ ಹೊಡೆದರೆ?’

‘ಹೊಡೆಯಬಹುದು. ಹಿಡಿದುಕೊಳ್ಳಲಿಕ್ಕೆ ಅಲ್ಲಿ ಕಬ್ಬಿಣ ಬೇಕಲ್ಲ? ಪೆಟ್ಟಿಗೆ ತುಂಬಿಸಿಕೊಂಡು ಇಳಿಜಾರಿನಲ್ಲಿ ಹೋಗುವಾಗ ಮುರಿದರೆ ನಿಮ್ಮ ಮನೆಯವರಿಗೆ ನಾನು ಎಂತ ಹೇಳುದು?’

ಹಳೆಯ ಬೈಕಿನ ವಿಷಯದಲ್ಲಿ ನಮ್ಮಲ್ಲಿ ಬಹಳ ಜನ ಹಾಕುವ ಲೆಕ್ಕ ಬೇರೆ. ಎಂಜಿನ್ ಕೆಲಸಕ್ಕೆ ಎಷ್ಟು, ಮಾರಿದರೆ ಎಷ್ಟು ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಹಾಗೆ ನೋಡಿದರೆ ಹಳೆಯ ಗಾಡಿಯ ಯಾವ ರಿಪೇರಿಯೂ ನಷ್ಟವೇ, ಏಕೆಂದರೆ ಅದಕ್ಕೆ ಮಾರುಬೆಲೆ ಇಲ್ಲ. ಮಾಡಿಸಿದ ಮೇಲೆ ಇನ್ನೆಷ್ಟು ಮಳೆಗಾಲ ಇದು ನನ್ನನ್ನು ಬೀಳಿಸದೆ ಹೊರುತ್ತದೆ ಎಂಬುದು ಸರಿಯಾದ ಪ್ರಶ್ನೆ ಎಂದು ನನಗನ್ನಿಸುತ್ತದೆ. ಅದಕ್ಕೆ ಉತ್ತರ ಎಂಜಿನ್ನಿನ ಸದ್ದಿನಲ್ಲಿಲ್ಲ, ಸ್ಪ್ಯಾನರಿನ ಸದ್ದಿನಲ್ಲಿದೆ.

ಸರ್ಕಾರವೂ ಗಾಡಿಯನ್ನು ಗುರುತಿಸುವುದು ಮೊದಲು ಚಾಸಿಯಿಂದಲೇ. ಕಾಪುವಿನಿಂದ ಹೆದ್ದಾರಿ ಹಿಡಿದು ಉಡುಪಿ ಸೇರಿ, ಕಲ್ಸಂಕದ ಗದ್ದಲ ದಾಟಿ, ಇಂದ್ರಾಳಿಯ ಮೇಲಿಂದ ಮಣಿಪಾಲದ ಏರು ಹತ್ತಿದರೆ ಆರ್‌ಟಿಒ ಕಚೇರಿ. ಸವೆದ ಬೋರಿನ ಗಾಡಿಗಳ ನಿಜ ಗೊತ್ತಾಗುವುದೂ ಈ ಏರಿನಲ್ಲೇ; ಮೂರನೇ ಗೇರಿನಲ್ಲಿ ಉಸಿರು ಕಟ್ಟಿ ಎರಡಕ್ಕೆ ಇಳಿಯುತ್ತವೆ. ಕಚೇರಿಯ ಹೊರಗೆ ಕೆಎ 20ರ ಹಳೆಯ ನಂಬರುಗಳು ಸಾಲಾಗಿ ನಿಂತಿರುತ್ತವೆ. ನೋಂದಣಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಇಲ್ಲಿಗೆ ತಂದು ತೋರಿಸಿ ನವೀಕರಿಸಬೇಕು. ಬೈಕಿಗೆ 2022ರ ಏಪ್ರಿಲ್‌ನಿಂದ ಸಾವಿರ ರೂಪಾಯಿ ಶುಲ್ಕ, ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ ಎರಡು ಸಾವಿರ. ಜೊತೆಗೆ ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆಯ ಚೀಟಿ. ದಿಲ್ಲಿಯಲ್ಲಿರುವಂತೆ ಹದಿನೈದು ವರ್ಷಕ್ಕೆ ಪೆಟ್ರೋಲ್ ಗಾಡಿಯ ಆಯುಸ್ಸು ಮುಗಿಯಿತು ಎಂಬ ಕಟ್ಟಳೆ ನಮ್ಮಲ್ಲಿಲ್ಲ. ಆದರೆ ಹ್ಯಾಂಡಲ್ಲಿನ ಬುಡದಲ್ಲಿ ಕೊರೆದ ಚಾಸಿ ನಂಬರ್ ಓದುವಂತಿರಬೇಕು. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದನ್ನು ನೀವೂ ನೋಡಿರಬಹುದು. ಒಂದೊಂದೇ ಅಕ್ಷರ ಮೂಡುತ್ತಾ ಬಂದು, ತುಕ್ಕು ತಿಂದ ಕಡೆ ಪೆನ್ಸಿಲ್ ಬರೀ ಕಪ್ಪು ಮಸಿ ಬಳಿದರೆ, ಪಕ್ಕದಲ್ಲಿ ನಿಂತವರ ಮುಖವೂ ಸಣ್ಣದಾಗುತ್ತದೆ.

ಮಣಿಪಾಲದಲ್ಲೇ ಇನ್ನೊಂದು ಬಗೆಯ ಮುದಿ ಬೈಕುಗಳಿವೆ, ಫ್ಲ್ಯಾಟುಗಳ ನೆಲಮಾಳಿಗೆಯಲ್ಲಿ, ಕೆಂಧೂಳು ಹೊದ್ದು. ಓದಲು ಬಂದವರು ಕೊಂಡು, ಓದು ಮುಗಿಸಿ ಹೋಗುವಾಗ ಕಿರಿಯರಿಗೆ ದಾಟಿಸಿ, ಅವರು ಮತ್ತೊಬ್ಬರಿಗೆ ದಾಟಿಸಿ, ಆರ್‌ಸಿ ಮಾತ್ರ ಇನ್ನೂ ಮೊದಲನೆಯವನ ಹೆಸರಿನಲ್ಲಿರುವಂಥವು. ಇವುಗಳ ಚಾಸಿ ಗಟ್ಟಿಯಿರುತ್ತದೆ. ನಿಂತಲ್ಲೇ ನಿಂತು ಕಾರ್ಬೊರೇಟರ್ ಹಾಳಾಗಿರುತ್ತದೆ, ಅಷ್ಟೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಫ್ಲೋಟ್ ಬಟ್ಟಲು ಬಿಚ್ಚಿದರೆ ಒಳಗೆ ಬಿಳಿ ಪುಡಿ, ಉಬ್ಬಿದ ರಬ್ಬರು, ಕಟ್ಟಿಹೋದ ಜೆಟ್. ಇದು ಅರ್ಧ ದಿನದ ಕೆಲಸ. ಆದರೂ ಇಂಥವೇ ಹೆಚ್ಚಾಗಿ ಗುಜರಿಗೆ ಹೋಗುವುದು ಕಂಡರೆ ಹೊಟ್ಟೆ ಉರಿಯುತ್ತದೆ. ಗಾಡಿ ಸರಿಯಿದ್ದೂ, ಕಾಗದಕ್ಕೆ ಓಡಾಡುವವರಿಲ್ಲ.

ಪರ್ಕಳದ ಇಳಿಜಾರು, ಹಿರಿಯಡ್ಕ, ಬೈಲೂರು. ಇಲ್ಲಿಂದ ಮುಂದೆ ಗಾಳಿಯ ಗುಣ ಬೇರೆ. ಕಾರ್ಕಳ ಮುಟ್ಟುವಾಗ ಉಪ್ಪಿನ ಅಂಟು ಹೋಗಿ ಕಲ್ಲಿನ ಕಾವು ಬಂದಿರುತ್ತದೆ. ಬಂಡೆಯ ನೆತ್ತಿಯಲ್ಲಿ 1432ರಿಂದ ನಿಂತ 42 ಅಡಿಯ ಬಾಹುಬಲಿಯ ಊರಿನಲ್ಲಿ ಕಲ್ಲು ಒಡೆಯುವ ಕೆಲಸ ಇಂದಿಗೂ ನಡೆಯುತ್ತದೆ. ಅದರ ಧೂಳು ಏರ್ ಫಿಲ್ಟರಿಗೂ ಚೈನಿಗೂ ಕೂತು ಇಲ್ಲಿನ ಗಾಡಿಗಳನ್ನು ಬೇರೆ ರೀತಿ ಸವೆಸುತ್ತದೆ. ಪಿಸ್ಟನ್ ಬೇಗ ಹೋಗುತ್ತದೆ, ಚಾಸಿ ಉಳಿಯುತ್ತದೆ.

ಪೇಟೆಯ ಒಳಗಿನ ಲೇತ್ ಅಂಗಡಿಯಲ್ಲಿ ಮೈಸೂರಿನ ಹಳೆಯ ಯೆಜ್ದಿಯೊಂದರ ಎಂಜಿನ್ ಗೋಣಿಯ ಮೇಲೆ ಬಿಚ್ಚಿಕೊಂಡು ಮಲಗಿದೆ. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಗೇರಿನ ಕಡ್ಡಿಯನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುವ ಜಾಣತನ. 1961ರಿಂದ ಜಾವಾ, ಆಮೇಲೆ ಯೆಜ್ದಿ ತಯಾರಿಸಿದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದೀಚೆಗೆ ಈ ಗಾಡಿಗಳು ಉಳಿದಿರುವುದು ಇಂಥ ಲೇತ್‌ಗಳಿಂದ. ಅಡಿಕೆ ತೋಟದಿಂದ ಪೇಟೆಗೆ ಇದರಲ್ಲೇ ಬಂದು ಹೋಗುವ ಹಿರಿಯರೊಬ್ಬರು ಸ್ಟೂಲಿನ ಮೇಲೆ ಕೂತಿದ್ದಾರೆ. ಕ್ರ್ಯಾಂಕಿನ ಬೇರಿಂಗ್ ಹೋಗಿದೆ, ಆಯಿಲ್ ಸೀಲ್ ಸೋರುತ್ತಿದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಸೀಲ್ ಸೋರಿದರೆ ಕೆಳಗಿನ ಒತ್ತಡವೇ ನಿಲ್ಲುವುದಿಲ್ಲ, ಗಾಡಿ ಎಳೆಯುವುದಿಲ್ಲ. ಮಗ ಬೆಂಗಳೂರಿನಿಂದ ಫೋನ್ ಮಾಡಿ ಹೊಸತು ತೆಗೆಯಿರಿ ಎನ್ನುತ್ತಾನಂತೆ. ಅದೂ ಸುಳ್ಳಲ್ಲ, 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ಗಾಡಿ ಕೂಡಿಡುವವರೂ ಬಂದು ಬೆಲೆ ಕೇಳಿ ಹೋಗಿದ್ದಾರಂತೆ. ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಎಂದೊಂದುಂಟು, 2021ರಲ್ಲಿ ಬಂದ ನಿಯಮ, ಶುಲ್ಕ 20 ಸಾವಿರ. ಹಾಗೆ ಮಾಡಿಸಿದರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ‘ನನಗೆ ತೋಟಕ್ಕೆ ಗೊಬ್ಬರ ತರಬೇಕು’ ಎಂದು ಅವರು ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಲೇತ್ ತಿರುಗುತ್ತದೆ. ಗನ್‌ಮೆಟಲ್ ತುಂಡಿನಿಂದ ಹೊಂಬಣ್ಣದ ಪುಡಿ ಚಿಮ್ಮಿ ಕೆಲಸಗಾರನ ಮುಂಗೈ ರೋಮಗಳ ಮೇಲೆ ಕೂರುತ್ತದೆ. ಕಾದ ಲೋಹದ ವಾಸನೆ. ಮಿಷನ್ ನಿಲ್ಲಿಸಿ, ಬುಷ್ಷಿನೊಳಗೆ ಪಿಸ್ಟನ್ ಪಿನ್ ತೂರಿಸಿ ನೋಡುತ್ತಾನೆ, ಬಿಗಿ. ಮತ್ತೊಂದು ನೂಲಿನಷ್ಟು ಹೆರೆಯುತ್ತಾನೆ. ಈಗ ಎಣ್ಣೆ ಸವರಿದ ಪಿನ್ ಹೆಬ್ಬೆರಳಿನ ಒತ್ತಡಕ್ಕೆ ಮೆಲ್ಲನೆ ಒಳಗೆ ಜಾರಿತು. ಹಿರಿಯ ಮೆಕ್ಯಾನಿಕ್ ಆ ಹೊತ್ತಿಗೆ ಹೊರಗೆ ನಿಂತ ಚಾಸಿಯನ್ನು ತಟ್ಟುತ್ತಿದ್ದರು. ಮುಂದಿನಿಂದ ಹಿಂದಿನವರೆಗೆ ಒಂದೇ ಸದ್ದು.

‘ಮಾಡುವ ಮಾರಾಯ್ರೇ’ ಎಂದು ಒಳಗೆ ಬಂದರು. ‘ಸೀಲು ನನ್ನಲ್ಲುಂಟು. ಬೇರಿಂಗಿಗೆ ಮೈಸೂರಿಗೆ ಹೋಗುವುದು ಬೇಡ, ಅದರ ಮೈಮೇಲೆ ನಂಬರ್ ಉಂಟು, ಮಂಗಳೂರಿನ ಬೇರಿಂಗ್ ಅಂಗಡಿಯಲ್ಲಿ ಸಿಗ್ತದೆ. ಎರಡು ತನ್ನಿ, ಪೆಟ್ಟಿಗೆ ಒಡೆದದ್ದು ಕೊಟ್ಟರೆ ಬೇಡ ಹೇಳಿ.’

ಕಾಪುವಿನ ಸ್ಪ್ಲೆಂಡರ್ ಆ ಹೊತ್ತಿಗೆ ಅರ್ಧ ಬಿಚ್ಚಿತ್ತು. ಚಕ್ರ, ಹೆಡ್‌ಲೈಟು, ಟ್ಯಾಂಕು ಉಪಯೋಗಕ್ಕೆ ಬರುವಂಥವು, ಬದಿಗಿಟ್ಟಾಗಿದೆ. ಚಾಸಿ ಗುಜರಿಗೆ, ಕಿಲೋ ಲೆಕ್ಕದಲ್ಲಿ. ಆದರೆ ಗುಜರಿಯವನ ತಕ್ಕಡಿಗೆ ಹಾಕಿದ ಮಾತ್ರಕ್ಕೆ ಗಾಡಿ ಹೆಸರಿನಿಂದ ಹೋಗುವುದಿಲ್ಲ. ಓಡಿಸಲಾಗದಂತಾದ ಗಾಡಿಯ ವಿಷಯವನ್ನು ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಿ, ಆರ್‌ಸಿ ಒಪ್ಪಿಸಿ ನೋಂದಣಿ ರದ್ದು ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ. ನಂಬರ್ ಪ್ಲೇಟು ಬೇರೆಯವರ ಕೈ ಸೇರಿ ಇನ್ನೆಲ್ಲೋ ಓಡಿದರೆ ಪೊಲೀಸರು ಬರುವುದು ಇವರ ಮನೆಗೆ. ಮೆಕ್ಯಾನಿಕ್ ಇದನ್ನು ಮೂರು ಸಲ ಹೇಳಿದ. ಯಜಮಾನರು ಆರ್‌ಸಿಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು, ಇನ್ನೊಂದು ಸೆಕೆಂಡ್ ಹ್ಯಾಂಡ್ ನೋಡಿಡಲು ಹೇಳಿದರು. ಈ ಸಲದ ಗಾಡಿಗೆ ಪೆಟ್ಟಿಗೆಯ ಅಡಿಗೆ ತಗಡಿನ ತಟ್ಟೆ ಕೂರಿಸಿ, ನೀರು ಚಾಸಿಗೆ ಬೀಳದೆ ಹಿಂದಕ್ಕೆ ಹರಿಯುವಂತೆ ಪೈಪ್ ಹಾಕುವುದೆಂದು ಮಾತಾಯಿತು. ಅಳತೆಗೆ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಅವರು ಉಡುಪಿ ಬಸ್ಸಿಗೆ ಹೆದ್ದಾರಿಯ ಕಡೆ ನಡೆದರು.