ವೈ-ಫೈ ಪೆಟ್ಟಿಗೆಯ ಹೊಂದಿಕೆ: ಬೆಳಗಾವಿಗೊಂದು, ಖಾನಾಪುರಕ್ಕೊಂದು

ಮನೆಯ ಗೋಡೆಯ ಮೇಲೆ ದೀಪ ಮಿನುಗಿಸುತ್ತಿರುವ ವೈ-ಫೈ ರೌಟರು ತತ್ತ್ವತಃ ಒಂದು ಪುಟ್ಟ ರೇಡಿಯೊ ನಿಲಯವೇ ಆಗಿದೆ. ಆಕಾಶವಾಣಿಯ ನಿಲಯವು ಹೇಳುವುದನ್ನು ಮಾತ್ರ ಬಲ್ಲದು. ಇದಾದರೋ ಹೇಳುತ್ತದೆ, ಕೇಳಿಸಿಕೊಳ್ಳುತ್ತದೆ. ಈ ಭೇದವನ್ನು ಓದುಗರು ಮೊದಲು ಮನಸ್ಸಿನಲ್ಲಿಡಬೇಕು. 2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿದಾಗ ಅನೇಕ ವಿದ್ಯಾರ್ಥಿಗಳ ಪಾಠವೆಲ್ಲ ಇಂತಹ ಪೆಟ್ಟಿಗೆಯ ಮೂಲಕವೇ ಬರಬೇಕಾಯಿತು. ಅದರ ‘ಅಡ್ವಾನ್ಸ್ಡ್’ ಪುಟವನ್ನು ಮಾತ್ರ ತೆರೆದು ನೋಡಿದವರು ವಿರಳ.

ಭಾರತದಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು 2005ರಲ್ಲಿ ಪರವಾನಗಿಯ ಬಂಧನದಿಂದ ಬಿಡುಗಡೆ ಮಾಡಲಾಯಿತು. ಇದರಲ್ಲಿ 13 ಚಾನೆಲುಗಳಿವೆ. ಒಂದರ ಮಧ್ಯಬಿಂದುವಿಗೂ ಮುಂದಿನದರ ಮಧ್ಯಬಿಂದುವಿಗೂ 5 ಮೆಗಾಹರ್ಟ್ಸ್ ಅಂತರ. ಆದರೆ ಪ್ರತಿಯೊಂದು ಪ್ರಸಾರವೂ ಸುಮಾರು 20 ಮೆಗಾಹರ್ಟ್ಸ್ ಸ್ಥಳವನ್ನು ಆಕ್ರಮಿಸುತ್ತದೆ. ಆದ್ದರಿಂದ ಪರಸ್ಪರ ತಾಗದಂತೆ ಸಾಮಾನ್ಯವಾಗಿ ಬಳಸುವುದು 1, 6, 11 ಎಂಬ ಮೂರನ್ನೇ. ಟಿಳಕವಾಡಿಯ ಬಹುಮಹಡಿ ಕಟ್ಟಡದಲ್ಲಿರುವವನೊಬ್ಬನು ‘3 ಖಾಲಿಯಾಗಿದೆ’ ಎಂದು ಅದನ್ನು ಆರಿಸಿದನೆನ್ನಿ. ಒಂದೇ ಚಾನೆಲಿನಲ್ಲಿರುವ ಯಂತ್ರಗಳು ಒಂದರ ಮಾತನ್ನೊಂದು ಆಲಿಸಿ ಸರದಿ ಕಾಯುತ್ತವೆ. ಅರ್ಧಮರ್ಧ ತಾಗುವ ಯಂತ್ರಗಳಿಗೆ ಮಾತ್ರ ನೆರೆಯವನ ಮಾತು ಬರಿಯ ಗದ್ದಲವಾಗಿ ತೋರುತ್ತದೆ. ಹೀಗೆ ಅವನು 1ರವರನ್ನೂ 6ರವರನ್ನೂ ಏಕಕಾಲಕ್ಕೆ ಕೆಡಿಸಿ, ತಾನೂ ಕೆಡುತ್ತಾನೆ.

ಇನ್ನೊಂದು ಗುಪ್ತ ವ್ಯಯವಿದೆ. ಯಾರೂ ಬಳಸದಿದ್ದಾಗಲೂ ರೌಟರು ‘ನಾನಿದ್ದೇನೆ’ ಎಂದು ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಸಾರುತ್ತಿರುತ್ತದೆ. ಆ ಸಾರಿಕೆ 250 ಬೈಟು ಉದ್ದವಿದ್ದು, ಸೆಕೆಂಡಿಗೆ 10 ಲಕ್ಷ ಬಿಟ್ ಎಂಬ ಹಳೆಯ ಕನಿಷ್ಠ ವೇಗದಲ್ಲಿ ಹೊರಡುವುದಾದರೆ 2 ಮಿಲಿಸೆಕೆಂಡು ಹಿಡಿಯುತ್ತದೆ. ಒಂದೇ ಚಾನೆಲಿನಲ್ಲಿ ಹತ್ತು ರೌಟರುಗಳಿದ್ದರೆ ಐದನೆಯ ಒಂದು ಪಾಲು ಕಾಲ ಈ ಡಂಗುರಕ್ಕೇ ವೆಚ್ಚ! ಕನಿಷ್ಠ ವೇಗವನ್ನು 60 ಲಕ್ಷ ಬಿಟ್‌ಗೆ ಏರಿಸಿದರೆ ಅದೇ ಸಾರಿಕೆ ಮಿಲಿಸೆಕೆಂಡಿನ ಮೂರನೆಯ ಒಂದಂಶದಲ್ಲಿ ಮುಗಿಯುತ್ತದೆ. ನಗರದಲ್ಲಿ ಇದು ದೊಡ್ಡ ಲಾಭ. ದೂರದ ಕ್ಷೀಣ ಸಂಕೇತಕ್ಕೆ ನಿಧಾನದ ವೇಗವೇ ಆಧಾರವಾದ್ದರಿಂದ ಹಳ್ಳಿಯಲ್ಲಿ ಇದನ್ನು ಅನುಸರಿಸಬಾರದು.

ಪ್ರಸಾರಶಕ್ತಿಯನ್ನು ಹೆಚ್ಚಿಸಿದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆ ಜನರಲ್ಲಿ ಪ್ರಬಲವಾಗಿದೆ. ರೌಟರು ಗಟ್ಟಿಯಾಗಿ ಕೂಗಿದರೆ ಕೈಯಲ್ಲಿರುವ ಫೋನಿಗೇನೋ ಕೇಳಿಸೀತು. ಆದರೆ ಬ್ಯಾಟರಿಯ ಬಲದಿಂದ ನಡೆಯುವ ಫೋನಿನ ಉತ್ತರ ರೌಟರನ್ನು ಮುಟ್ಟಬೇಡವೆ? ತೆರೆಯ ಮೇಲೆ ಪೂರ್ಣ ಗೆರೆಗಳು, ಪಾಠ ಮಾತ್ರ ಸ್ತಬ್ಧ! ಇಕ್ಕಟ್ಟಾದ ವಸತಿಗಳಲ್ಲಿ ಎಲ್ಲರೂ ಶಕ್ತಿಯನ್ನು 100 ಮಿಲಿವ್ಯಾಟಿನಿಂದ 25ಕ್ಕೆ ಇಳಿಸಿದರೆ ಎಲ್ಲರಿಗೂ ಅನುಕೂಲ. ಒಬ್ಬನೇ ಇಳಿಸಿದರೆ ಅವನಿಗೆ ನಷ್ಟ; ತೊಡಕು ಇರುವುದೇ ಇಲ್ಲಿ.

ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರಕ್ಕೆ ಬಂದು, ಅಲ್ಲಿಂದ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯ ಕಡೆಗೆ ಹೊರಟರೆ ಪರಿಸ್ಥಿತಿ ತಲೆಕೆಳಗಾಗುತ್ತದೆ. ಅಲ್ಲಿ ಶತ್ರು ನೆರೆಯವನಲ್ಲ, ದೂರ ಮತ್ತು ಮರ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್, 5.5 ಗಿಗಾಹರ್ಟ್ಸಿನದು ಐದೂವರೆ. ಸಮಾನ ಗುಣದ ಆಂಟೆನಾಗಳಿದ್ದರೆ, ಬಯಲಿನಲ್ಲಿ ಅದೇ ದೂರಕ್ಕೆ ಮೊದಲನೆಯದು ಐದರಷ್ಟು ಶಕ್ತಿಯನ್ನು ಮುಟ್ಟಿಸುತ್ತದೆ. ಆದಕಾರಣ ಒಂಟಿ ಮನೆಗೆ 2.4 ಗಿಗಾಹರ್ಟ್ಸ್, 20 ಮೆಗಾಹರ್ಟ್ಸ್ ಅಗಲ, ಎತ್ತರದ ಸ್ಥಾನ ಇವೇ ಯೋಗ್ಯ. ಅಗಲವನ್ನು ಇಮ್ಮಡಿಸಿದರೆ ಒಳನುಗ್ಗುವ ಗದ್ದಲವೂ ಇಮ್ಮಡಿಸುತ್ತದೆ. ಅಲ್ಲಿನ ಘೋರ ಮಳೆಯೇ ಸಂಕೇತವನ್ನು ನುಂಗುತ್ತದೆಂಬ ಮಾತು ಸರಿಯಲ್ಲ. ಈ ಆವರ್ತನಗಳಲ್ಲಿ ಮಳೆಹನಿಗಳ ಹೀರಿಕೆ ಅತ್ಯಲ್ಪ. ನೀರು ಹಿಡಿದ ದಟ್ಟ ಎಲೆಗಳು ಮತ್ತು ನೆನೆದ ಗೋಡೆಗಳೇ ನಿಜವಾದ ತಡೆ.

ನಗರವಾಸಿಗಳಿಗೆ 5 ಗಿಗಾಹರ್ಟ್ಸ್ ಪಟ್ಟಿಯೇ ಲೇಸು. 2018ರಲ್ಲಿ ಭಾರತದಲ್ಲಿ ಇದರ ವಿಸ್ತಾರವನ್ನು ಬಹಳ ಹೆಚ್ಚಿಸಲಾಯಿತು. ಗೋಡೆಗಳನ್ನು ಸುಲಭವಾಗಿ ದಾಟದಿರುವ ಅದರ ದೌರ್ಬಲ್ಯವೇ ಇಲ್ಲಿ ಗುಣವಾಗುತ್ತದೆ. ಆದರೆ ಅದರ ಕೆಲವು ಚಾನೆಲುಗಳನ್ನು ಹವಾಮಾನ ರೇಡಾರ್ ಮೊದಲಾದವೂ ಬಳಸುವುದುಂಟು. ಅಂತಹ ಚಾನೆಲನ್ನು ಆರಿಸಿದಾಗ ಅನೇಕ ಯಂತ್ರಗಳು ಒಂದು ನಿಮಿಷ ಮೌನವಾಗಿ ಆಲಿಸಿ, ರೇಡಾರಿನ ಸುಳಿವಿಲ್ಲವೆಂದು ಖಚಿತವಾದ ಬಳಿಕವೇ ಪ್ರಸಾರವನ್ನು ಆರಂಭಿಸುತ್ತವೆ. ಆ ಮೌನವನ್ನು ಕಂಡು ಯಂತ್ರ ಕೆಟ್ಟಿತೆಂದು ಮತ್ತೆ ಮತ್ತೆ ಗುಂಡಿಯನ್ನು ಒತ್ತಬೇಕಾಗಿಲ್ಲ.