ರವೆಯ ಕಡುಬಿನ ಸೂಪು

ಅತಿಥಿಗಳು ಹೇಳದೆ ಬಂದಾಗಲೂ, ಜ್ವರದಿಂದೆದ್ದವರಿಗೆ ಮೃದುವಾದ ಆಹಾರವು ಬೇಕಾದಾಗಲೂ ಗೃಹಕೃತ್ಯದಲ್ಲಿ ತೊಡಗಿರುವ ನಮ್ಮ ಸಹೋದರಿಯರಿಗೆ ನೆರವಾಗತಕ್ಕ ಒಂದು ಅಡಿಗೆಯನ್ನು ಇಲ್ಲಿ ವಿವರಿಸುವೆವು. ಆಸ್ಟ್ರಿಯಾ ದೇಶದಲ್ಲಿಯೂ ಜರ್ಮನಿಯ ಬವೇರಿಯಾ ಪ್ರಾಂತದಲ್ಲಿಯೂ ಇದು ಮನೆಮನೆಯ ಸೂಪು. ಇದಕ್ಕೆ ಬೇಕಾದ ರವೆ, ಬೆಣ್ಣೆ, ಮೊಟ್ಟೆಗಳು ನಮ್ಮಲ್ಲಿಯೂ ದೊರೆಯತಕ್ಕವೇ.

30 ಗ್ರಾಂ ಮೆತ್ತಗಿನ ಬೆಣ್ಣೆಯನ್ನು ಚೆನ್ನಾಗಿ ತಿರುವಿ, ಒಂದು ಮೊಟ್ಟೆಯನ್ನು ಒಡೆದು ಹಾಕಿ, ಉಪ್ಪನ್ನೂ ತುಸು ಜಾಯಿಕಾಯಿಯ ಪುಡಿಯನ್ನೂ ಬೆರೆಸಿ, 70 ಗ್ರಾಂ ಹುರಿಯದ ಗೋದಿರವೆಯನ್ನು ಕಲಸಬೇಕು. ಬಳಿಕ 15 ನಿಮಿಷ ಮುಚ್ಚಿಡತಕ್ಕದ್ದು. ಆಗ ರವೆಯು ತೇವವನ್ನು ಹೀರಿ ಉಬ್ಬುವುದು. ಮೊದಲ ಸಲ ನಾವು ಅವಸರದಿಂದ ಇದನ್ನು ಬಿಟ್ಟೆವು. ಕಡುಬುಗಳೆಲ್ಲ ಒಡೆದು ಗಂಜಿಯಾಯಿತು!

ಹಿಟ್ಟನ್ನು ಎರಡು ಚಮಚಗಳಿಂದ ಸಣ್ಣ ಕಡುಬುಗಳಾಗಿ ಮಾಡಿ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಬಿಡಬೇಕು. ನೀರು ಕೊತಕೊತನೆ ಕುದಿಯಬಾರದು. ಮೆಲ್ಲಗೆ ಅಲುಗುತ್ತಿದ್ದರೆ ಸಾಕು. ಮೊದಲು ಒಂದನ್ನೇ ಬಿಟ್ಟು ನೋಡಿರಿ. ಅದು ಒಡೆದರೆ ಉಳಿದ ಹಿಟ್ಟಿಗೆ ಒಂದು ಚಮಚ ರವೆಯನ್ನು ಸೇರಿಸಿ ಕೊಂಚ ಕಾಯಿರಿ. 10 ನಿಮಿಷ ಬೆಂದ ಮೇಲೆ ಒಲೆಯಿಂದಿಳಿಸಿ, ಇನ್ನೂ 10 ನಿಮಿಷ ಮುಚ್ಚಿಟ್ಟರೆ ಒಳಗಿನ ಗಟ್ಟಿತನವು ಹೋಗುವುದು. ಅಷ್ಟರಲ್ಲಿ ಮಾಂಸದ ಅಥವಾ ತರಕಾರಿಯ ತಿಳಿಸಾರನ್ನು ಬಿಸಿಮಾಡಿಟ್ಟುಕೊಂಡು, ಕಡುಬುಗಳನ್ನು ಅದರಲ್ಲಿ ಹಾಕಿ ಬಡಿಸತಕ್ಕದ್ದು.

ಬೇಗನೆ ಮಾಡುವುದು ಬೇರೆ, ಅವಸರಪಡುವುದು ಬೇರೆ. ಮುಕ್ಕಾಲು ಗಂಟೆಯ ಈ ಕೆಲಸದಲ್ಲಿ ಕಾಯುವ ನಿಮಿಷಗಳನ್ನು ಕದಿಯದಿದ್ದರೆ, ಬಡಿಸಿದ ಬಟ್ಟಲು ಬರಿದಾಗಿಯೇ ಅಡಿಗೆಮನೆಗೆ ಹಿಂದಿರುಗುವುದು.