ಜರ್ಕ್ ಹೊಡೆಯದೆ ಗೇರ್ ಇಳಿದ ಕಥೆ

ಆಗುಂಬೆ ಘಾಟಿಯಲ್ಲಿ ಸೋಮೇಶ್ವರದ ಕಡೆಗೆ ಇಳಿಯುವ ಬೈಕಿನ ಸದ್ದು ಕೇಳಿದರೆ ಸಾಕು, ಸವಾರ ಎಷ್ಟು ಪಳಗಿದವನು ಎಂಬುದು ತಿಳಿಯುತ್ತದೆ. ಹೊಸಬ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿ ಕ್ಲಚ್ಚನ್ನು ಒಮ್ಮೆಲೇ ಬಿಡುತ್ತಾನೆ. ಇಂಜಿನ್ ಕಿರುಚುತ್ತದೆ, ಚೈನು ಜಗ್ಗುತ್ತದೆ, ಹಿಂದೆ ಕೂತವರು ಅವನ ಬೆನ್ನಿಗೆ ಬಂದು ಬೀಳುತ್ತಾರೆ. ಮಳೆಗೆ ರಸ್ತೆ ನೆಂದಿದ್ದರೆ ಹಿಂದಿನ ಚಕ್ರ ಜಾರುವುದೂ ಉಂಟು. ಪಳಗಿದವನು ಕ್ಲಚ್ ಹಿಡಿದಿರುವಾಗಲೇ ಆಕ್ಸಿಲರೇಟರನ್ನು ಚೂರು ರೈಸ್ ಮಾಡುತ್ತಾನೆ. ಗೇರ್ ಬದಲಾದದ್ದು ಹಿಂದಿನವರಿಗೆ ಗೊತ್ತೇ ಆಗುವುದಿಲ್ಲ.

ಆ ಒಂದು ರೈಸ್‌ನ ಹಿಂದೆ ಸರಳ ಲೆಕ್ಕವಿದೆ. ಒಂದು ವೇಗದಲ್ಲಿ ಮೂರನೇ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದೆ ಎಂದುಕೊಳ್ಳೋಣ. ಅದೇ ವೇಗಕ್ಕೆ ಎರಡನೇ ಗೇರಿನಲ್ಲಿ ಸುಮಾರು 5500 ಸುತ್ತು ಬೇಕು. ಆದರೆ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿದ ಕೂಡಲೇ ಇಂಜಿನ್ 2000ದ ಕಡೆಗೆ ಕುಸಿಯುತ್ತದೆ. ಕ್ಲಚ್ ಬಿಟ್ಟಾಗ ಆ ಕೊರತೆಯನ್ನೆಲ್ಲ ಹಿಂದಿನ ಚಕ್ರವೇ ತುಂಬಬೇಕು. ಜರ್ಕ್ ಹುಟ್ಟುವುದು ಅಲ್ಲಿ. ರೈಸ್ ಮಾಡಿದರೆ ಇಂಜಿನ್ ತಾನಾಗಿ ಆ ಸುತ್ತಿಗೆ ಏರಿ, ಚಕ್ರದ ಮೇಲಿನ ಹೊರೆ ತಪ್ಪುತ್ತದೆ.

ಬೈಕುಗಳ ಮೊದಲ ದಶಕಗಳಲ್ಲಿ ಈ ನಾಜೂಕಿಗೆ ಅವಕಾಶ ಕಡಿಮೆಯಿತ್ತು. ಗೇರ್ ಸಲಾಕೆ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿರುತ್ತಿತ್ತು. ಬ್ರೇಕ್ ಹಾಕುತ್ತಾ ತಿರುವಿಗೆ ಬರುವ ಸವಾರ ಸರಿಯಾಗಿ ಅದೇ ಹೊತ್ತಿಗೆ ಹ್ಯಾಂಡಲ್‌ನಿಂದ ಒಂದು ಕೈ ತೆಗೆಯಬೇಕಿತ್ತು.

ದಾರಿ ತೆರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಅಲ್ಲಿನ ವೆಲೊಸೆಟ್ ಕಂಪನಿಯ ಇಂಜಿನಿಯರ್ ಹೆರಾಲ್ಡ್ ವಿಲ್ಲಿಸ್ ಸ್ವತಃ ರೇಸ್ ಸವಾರ. 1928ರಲ್ಲಿ ಆತ ರೂಪಿಸಿದ ಕಾಲಿನ ಗೇರಿನಲ್ಲಿ ಒಮ್ಮೆ ಒತ್ತಿದರೆ ಒಂದೇ ಗೇರ್ ಬದಲಾಗುತ್ತಿತ್ತು, ಪೆಡಲ್ ಸ್ಪ್ರಿಂಗ್ ಬಲದಿಂದ ಮತ್ತೆ ತನ್ನ ಜಾಗಕ್ಕೆ ಮರಳುತ್ತಿತ್ತು. ಎರಡು ಕೈಗಳೂ ಹ್ಯಾಂಡಲ್ ಮೇಲೇ ಉಳಿದವು. ಬ್ರೇಕ್, ಕ್ಲಚ್, ರೈಸ್, ಗೇರ್ ನಾಲ್ಕನ್ನೂ ಒಟ್ಟಿಗೆ ಹೊಂದಿಸುವುದು ಆಗ ಸಾಧ್ಯವಾಯಿತು. ಇಂದಿಗೂ ಗೇರ್ ಇರುವ ಬಹುತೇಕ ಬೈಕುಗಳಲ್ಲಿ ಇರುವುದು ಇದೇ ಏರ್ಪಾಡು.

ಪೆಡಲ್ ಯಾವ ಕಾಲಿಗೆ ಎಂಬುದು ಮಾತ್ರ ಬಹಳ ಕಾಲ ತೀರ್ಮಾನವಾಗಲಿಲ್ಲ. ಬ್ರಿಟಿಷ್ ಬೈಕುಗಳಲ್ಲಿ ಬಲಗಾಲು, ಜಪಾನಿ ಬೈಕುಗಳಲ್ಲಿ ಎಡಗಾಲು. 1970ರ ದಶಕದ ನಡುವೆ ಅಮೆರಿಕದ ಸುರಕ್ಷತಾ ನಿಯಮ ಎಡಗಾಲನ್ನೇ ಕಡ್ಡಾಯ ಮಾಡಿತು, ಜಗತ್ತು ಅದನ್ನು ಹಿಂಬಾಲಿಸಿತು. ನಮ್ಮ ಹಳೆಯ ಬುಲೆಟ್‌ಗಳಲ್ಲಿ ಮಾತ್ರ ಬಲಗಾಲಿನ ಗೇರ್ ಬಹುಕಾಲ ಉಳಿಯಿತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾದ್ದು ಬೇರೆಯೇ ಸ್ವಭಾವ. ಅದರಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಪೆಡಲ್. ಗೇರ್ ಒತ್ತಿದರೆ ಕ್ಲಚ್ ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಟೂ ಸ್ಟ್ರೋಕ್ ಆದ್ದರಿಂದ ಇಳಿಜಾರಿನಲ್ಲಿ ವೇಗ ತಡೆಯುವ ಇಂಜಿನ್ನಿನ ಹಿಡಿತ ಕಡಿಮೆ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಇಂಜಿನ್ನಿಗೆ ಜಿಡ್ಡು ಒದಗಿಸುತ್ತಿದ್ದರಿಂದ, ಉದ್ದ ಘಾಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿಟ್ಟರೆ ಜಿಡ್ಡೂ ಕಡಿಮೆಯಾಗುತ್ತಿತ್ತು. ಅನುಭವಿಗಳು ಆಗಾಗ ಸ್ವಲ್ಪ ರೈಸ್ ಕೊಡುತ್ತಲೇ ಇಳಿಯುತ್ತಿದ್ದರು.

ಫೋರ್ ಸ್ಟ್ರೋಕ್ ಇಂಜಿನ್ನಿನ ಹಿಡಿತ ಬಲವಾದದ್ದು. ರೇಸಿನಲ್ಲಿ ಆ ಬಲವೇ ತೊಡಕಾಯಿತು. 1979ರಲ್ಲಿ ಹೋಂಡಾ ಕಂಪನಿ ಟೂ ಸ್ಟ್ರೋಕ್‌ಗಳ ಎದುರು ಇಳಿಸಿದ ಎನ್‌ಆರ್ 500 ಫೋರ್ ಸ್ಟ್ರೋಕ್ ಬೈಕು. ಗೇರ್ ಇಳಿಸಿದಾಗ ಇಂಜಿನ್ ಹಿಂದಿನ ಚಕ್ರವನ್ನು ಬಿಗಿಯಾಗಿ ಹಿಡಿದು ಕುಣಿಸುತ್ತಿತ್ತು. ಇಂಥ ತೊಂದರೆಗೆ ಹೋಂಡಾ ಕಂಡುಕೊಂಡ ಉತ್ತರವೇ ಸ್ಲಿಪರ್ ಕ್ಲಚ್. 1980ರ ದಶಕದ ಆರಂಭದಲ್ಲೇ ಅದರ ಒಂದು ರೂಪ ಹೋಂಡಾದ ವಿಎಫ್ 750 ಬೈಕಿನ ಮೂಲಕ ರಸ್ತೆಗೂ ಬಂತು. 2002ರಲ್ಲಿ ಮೋಟೋಜಿಪಿ 990 ಸಿಸಿಯ ಫೋರ್ ಸ್ಟ್ರೋಕ್‌ಗಳಿಗೆ ಹೊರಳಿದ ಮೇಲಂತೂ ಅದು ರೇಸ್ ಬೈಕುಗಳ ಅನಿವಾರ್ಯ ಅಂಗವಾಯಿತು.

ಇಂದಿನ ಸ್ಲಿಪರ್ ಕ್ಲಚ್ಚುಗಳ ಒಳಗೆ ಓರೆಯಾದ ಮೆಟ್ಟಿಲುಗಳಿರುತ್ತವೆ. ಚಕ್ರ ಇಂಜಿನ್ನನ್ನು ಅತಿಯಾಗಿ ತಳ್ಳತೊಡಗಿದರೆ ಅವು ಕ್ಲಚ್ ಪ್ಲೇಟುಗಳ ಮೇಲಿನ ಒತ್ತಡವನ್ನು ಸಡಿಲಿಸುತ್ತವೆ; ಪ್ಲೇಟುಗಳು ಜಾರಿ ಜರ್ಕನ್ನು ನುಂಗುತ್ತವೆ. ಭಾರತದಲ್ಲಿ 2013ರ ಕವಾಸಕಿ ನಿಂಜಾ 300, 2016ರ ಬಜಾಜ್ ಡಾಮಿನಾರ್, 2018ರಲ್ಲಿ ಹೊಸೂರಿನ ಟಿವಿಎಸ್‌ನ ಅಪಾಚೆ ಆರ್‌ಟಿಆರ್ 200 ಇದನ್ನು ಸಾಮಾನ್ಯ ಸವಾರನ ಹತ್ತಿರಕ್ಕೆ ತಂದವು. ದುಬಾರಿ ಬೈಕುಗಳಲ್ಲಿ ಈಗ ರೈಸ್ ಮಾಡುವ ಕೆಲಸವನ್ನೂ ಕಂಪ್ಯೂಟರೇ ಮಾಡುತ್ತದೆ. ಸವಾರ ಪೆಡಲ್ ಒತ್ತಿದರೆ ಸಾಕು.

ಆದರೂ ಯಂತ್ರದ ನೆರವಿಗೆ ಮಿತಿಯಿದೆ. ಹೆಚ್ಚು ವೇಗದಲ್ಲಿ ತೀರಾ ಕೆಳಗಿನ ಗೇರಿಗೆ ಹಾಕಿದರೆ ಚಕ್ರವೇ ಇಂಜಿನ್ನನ್ನು ಮಿತಿ ಮೀರಿ ತಿರುಗಿಸಿ ವಾಲ್ವುಗಳನ್ನು ಹಾಳುಮಾಡಬಹುದು. ಇಂಧನ ನಿಲ್ಲಿಸುವುದಷ್ಟೇ ಗೊತ್ತಿರುವ ರೆವ್ ಲಿಮಿಟರ್ ಇಲ್ಲಿ ನೆರವಿಗೆ ಬಾರದು. ಅಲ್ಲದೆ ನಮ್ಮ ರಸ್ತೆಗಳಲ್ಲಿ ಓಡುವ 100, 125 ಸಿಸಿ ಬೈಕುಗಳಲ್ಲಿ ಸಾಮಾನ್ಯವಾಗಿ ಸ್ಲಿಪರ್ ಕ್ಲಚ್ ಇರುವುದೇ ಇಲ್ಲ.

ಹಾಗಾಗಿ ಕೈಪಳಗಿಸುವುದೇ ದಾರಿ. ಮೊದಲು ಬ್ರೇಕಿನಿಂದ ವೇಗ ಇಳಿಯಲಿ. ಕ್ಲಚ್ ಹಿಡಿದು, ಚೂರು ರೈಸ್ ಮಾಡಿ, ಒಂದೇ ಗೇರ್ ಇಳಿಸಿ, ಕ್ಲಚ್ಚನ್ನು ಮೆಲ್ಲಗೆ ಬಿಡಿ. ಮುಂದಿನ ಗೇರಿಗೆ ಮತ್ತೆ ಹೀಗೆಯೇ. ತಿರುವು ಶುರುವಾಗುವ ಮೊದಲೇ ಇದೆಲ್ಲ ಮುಗಿದಿರಬೇಕು. ಖಾಲಿ ರಸ್ತೆಯಲ್ಲಿ, ನಿಧಾನ ವೇಗದಲ್ಲಿ ಅಭ್ಯಾಸ ಶುರುಮಾಡಿ.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವವರು ಈಗಲೂ ಇದ್ದಾರೆ. 2020ರ ಬಿಎಸ್ 6 ಮಾಲಿನ್ಯ ನಿಯಮದ ನಂತರ ಬಹುತೇಕ ಬೈಕುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಇಂಥ ಬೈಕುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಮುಚ್ಚಿದ್ದರೆ ಸಾಮಾನ್ಯವಾಗಿ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಿರಲು ಪೆಟ್ರೋಲ್ ಬೇಕೇ ಬೇಕು. ನ್ಯೂಟ್ರಲ್‌ನಲ್ಲಿ ಉಳಿತಾಯವೂ ಇಲ್ಲ, ಇಂಜಿನ್ನಿನ ಹಿಡಿತವೂ ಇಲ್ಲ. ದಯವಿಟ್ಟು ಗೇರಿನಲ್ಲೇ ಇಳಿಯಿರಿ.